ಹೊಳಿಯಪ್ಪನ ಬೆನ್ನು

ತಳಕಲ್ಲಿನ ಹೊಳಿಯಪ್ಪ ಎದುರಿಗೆ ಬಂದನೆಂದರೆ ಮೊದಲು ಕಾಣುತ್ತಿದ್ದುದು ಅವನ ರುಮಾಲು. ಮುಖ ಅದರ ಹಿಂದೆ ಸಾವಕಾಶವಾಗಿ ಬರುತ್ತಿತ್ತು. ಎತ್ತರದ ಆಳೇ, ಆದರೆ ಮೇಲ್ಬೆನ್ನು ಕುಡುಗೋಲಿನಂತೆ ಬಾಗಿದ್ದರಿಂದ ಊರಿನ ಯಾವ ಬಾಗಿಲಿಗೂ ಅವನ ಹಣೆ ತಾಗುತ್ತಿರಲಿಲ್ಲ. "ಚೌಕಟ್ಟು ನೋಡಿ ನಡಿಯೋದು ನಿಮ್ಮ ಪಾಡು, ನನಗ ಆ ಚಿಂತಿನ ಇಲ್ರಿ" ಎಂದು ಬೀಗುತ್ತಿದ್ದ.

ಮೀಸೆ ಮೂಡುವ ಮುಂಚೆ ಜೋಳದ ದಂಟಿನಂತೆ ಸರಸರನೆ ಬೆಳೆದಾಗ ಬೆನ್ನು ಬಾಗಿತ್ತು. ಸಾಲಿಯ ಮಾಸ್ತರರು ಮೈಗಳ್ಳತನವೆಂದರು. ತಾಯಿ ಯಂಕವ್ವ ತಾನು ಹೊರಿಸಿದ ನೀರಿನ ಕೊಡವೇ ಕಾರಣವೆಂದು ಅತ್ತಳು. ಗರಡಿಯವರು ಎಣ್ಣೆ ಹಚ್ಚಿ, ಬೋರಲು ಮಲಗಿಸಿ ತುಳಿದರು. ಬೆನ್ನು ನೆಟ್ಟಗಾಗಲಿಲ್ಲ, ಹೊಳಿಯಪ್ಪ ಮಾತ್ರ ವಾರಗಟ್ಟಲೆ ಹಾಸಿಗೆ ಬಿಡಲಿಲ್ಲ. ಕಡೆಗೆ ಬಳ್ಳಾರಿಯ ಡಾಕ್ಟರರು ಅವನನ್ನು ಬಗ್ಗಿಸಿ ಪಕ್ಕದಿಂದ ನೋಡಿ, ಎಲುಬಿನ ಫೋಟೋ ತೆಗೆಸಿ, "ಕೊಡದ ತಪ್ಪಲ್ಲವ್ವಾ. ಬೆಳೆಯೋ ಮುಂದ ಬೆನ್ನಿನ ಮಣಿಗಳು ಹಿಂದ ಬೆಳೆದಷ್ಟು ಮುಂದ ಬೆಳೆದಿಲ್ಲ, ಬೆಣೆಯಂಗ ಆಗ್ಯಾವ. ಬೆಳವಣಿಗಿ ನಿಲ್ಲೋತನಕ ಪಟ್ಟಾ ಕಟ್ಟಬೇಕು, ಕಸರತ್ತು ಮಾಡಬೇಕು. ಪೂರಾ ನೆಟ್ಟಗಾಗಲಿಕ್ಕಿಲ್ಲ, ಹೆಚ್ಚು ಬಾಗದಂಗ ತಡೀಬಹುದು" ಎಂದರು.

ತೊಗಲು, ಕಬ್ಬಿಣದ ಆ ಪಟ್ಟಾ ಹೊಳಿಯಪ್ಪನ ಮೈಮೇಲಿದ್ದದ್ದಕ್ಕಿಂತ ಗೂಟದ ಮೇಲಿದ್ದದ್ದೇ ಹೆಚ್ಚು. ಹಿಟ್ನಾಳಕ್ಕೆ ಹೆಣ್ಣು ನೋಡಲು ಹೊರಟ ದಿನ ಮಾತ್ರ ಅದನ್ನು ಕೋಟಿನೊಳಗೆ ಉಸಿರುಗಟ್ಟುವಂತೆ ಬಿಗಿದುಕೊಂಡ. ಸಂತೆಯಲ್ಲಿ ಗಾಳೆಮ್ಮನನ್ನು ಕಂಡಂದಿನಿಂದ ಅವನಿಗೆ ಬೇರೆ ಹೆಣ್ಣು ಹೆಣ್ಣಾಗಿ ಕಂಡಿರಲಿಲ್ಲ. ಗೆಳೆಯನೆಂದು ಜೊತೆಗೆ ನಾನೂ ಹೋಗಿದ್ದೆ.

ಎಲ್ಲ ಸರಿಯಿತ್ತು, ಹುಡುಗಿಯ ಅಜ್ಜಿ ಶಂಕ್ರಮ್ಮನ ಕಾಲಿಗೆರಗುವ ಹೊತ್ತು ಬರುವವರೆಗೆ. ಮುದುಕಿ ಕಂಬಳಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಹೊಳಿಯಪ್ಪ ನೆಟ್ಟ ಗೂಟದಂತೆ ನಿಂತೇ ಕೈ ಮುಗಿದ.

"ಬಗ್ಗಾಕ ಬರಂಗಿಲ್ಲೇನೋ? ನೀ ಏನು ತಹಶೀಲ್ದಾರನ? ಇಂಥಾ ಸೊಕ್ಕಿನ ಮನಿಗೆ ನಮ್ಮ ಹುಡುಗಿನ ಕೊಡಂಗಿಲ್ಲ!"

ಹೊಳಿಯಪ್ಪನ ಮುಖ ಬಾಡಿತು. ನನ್ನನ್ನು ಅಂಗಳಕ್ಕೆ ಎಳೆದೊಯ್ದು ಪಟ್ಟಾದ ಬಕಲ್ ಬಿಚ್ಚಿಸಿದ. ತನ್ನ ಬಾಗಿದ ಬೆನ್ನಲ್ಲೇ ಒಳಗೆ ಬಂದು, ಪಟ್ಟಾವನ್ನು ಸತ್ತ ಉಡದಂತೆ ಮುದುಕಿಯ ಮುಂದಿಟ್ಟ.

"ಅವ್ವಾರ, ಸೊಕ್ಕು ಅಲ್ರಿ, ಇದರ ಬಿಗಿ. ನನ್ನ ಬೆನ್ನು ಇರೋದ ಹಿಂಗ. ಒಪ್ಪಿದ್ರ ಕೊಡ್ರಿ" ಎಂದು ಕಾಲಿಗೆ ಬಿದ್ದ.

ಬಾಗಿಲ ಸಂದಿಯಿಂದ ಗಾಳೆಮ್ಮನ ದನಿ: "ಹೂಂ ಅನ್ನಬೇ ಆಯಿ. ಕಾಲಿಗೆ ಬೀಳಾಕ ಅರ್ಧ ದಾರಿ ಮೊದಲ ಬಂದಾರ!"

ಮುದುಕಿ ನಕ್ಕಳು. ಆದರೆ ಕರಾರು ಹಾಕಿದಳು: ಡಾಕ್ಟರರು ಹೇಳಿದಷ್ಟು ಕಾಲ ಪಟ್ಟಾ ಕಟ್ಟಲೇಬೇಕು. ಮದುವೆಯಾದ ಮೇಲೆ ದಿನಾ ಬೆಳಿಗ್ಗೆ ಗಾಳೆಮ್ಮನೇ ಎತ್ತಿನ ಹಗ್ಗ ಬಿಗಿದಂತೆ ಬಿಗಿಯುತ್ತಿದ್ದಳು. ಒಂದು ದಿನ ಹೊಳಿಯಪ್ಪನ ಹಣೆ ಬಾಗಿಲ ಚೌಕಟ್ಟಿಗೆ ಠಣ್ಣನೆ ಬಡಿಯಿತು. ಬುಗುಟೆ ತೋರಿಸಲು ಅವನು ಊರೆಲ್ಲ ತಿರುಗಿದ.

ಬೆನ್ನು ಪೂರಾ ನೆಟ್ಟಗಾಗಲಿಲ್ಲ. ಆದರೆ ತಮ್ಮ ಕುಂದನ್ನು ಹತ್ತು ಜನರ ನಡುವೆ ಬಿಚ್ಚಿಡಬಲ್ಲ ಇಂಥವರ ಮುಂದೆ, ಕೋಟಿನೊಳಗೆ ಏನೇನೋ ಬಿಗಿದುಕೊಂಡು ಸೆಟೆದು ನಡೆಯುವ ನಮ್ಮಂಥವರೇ ಒಮ್ಮೆ ಬಳ್ಳಾರಿಗೆ ಹೋಗಿ ತೋರಿಸಿಕೊಳ್ಳಬೇಕೆನಿಸುತ್ತದೆ.