ಹಿಂದಿನ ಸೀಟು

ಕತ್ತಲಲ್ಲಿ ಬಾಟಲಿಯ ಮುಚ್ಚಳ ಕಿರ್ರೆಂದಿತು. ಆಮೇಲೆ ಗುಟುಕು ಗುಟುಕಾಗಿ ನೀರು ಇಳಿಯುವ ಸದ್ದು. ಲಾಡ್ಜಿನ ಕೋಣೆಯಲ್ಲಿ ಮಗಳ ಪಕ್ಕ ಮಲಗಿದ್ದ ಅವಳು ಕಣ್ಣು ಬಿಟ್ಟಳು. ಆಚೆ ಮಂಚದ ಅಂಚಿನಲ್ಲಿ ಅತ್ತೆ ಕದ್ದು ಕುಡಿಯುವವರ ಹಾಗೆ ಬಾಟಲಿ ಖಾಲಿ ಮಾಡುತ್ತಿದ್ದರು. ಹಗಲೆಲ್ಲ ಕಾರಿನಲ್ಲಿ ‘ನಂಗೆ ದಾಹವೇ ಇಲ್ಲ’ ಎಂದಿದ್ದವರು!

ಅವಳಿಗೆ ತಟ್ಟನೆ ಅರ್ಥವಾಯಿತು. ಮೈ ಉರಿದುಹೋಯಿತು.

ಮೂರು ತಲೆಮಾರು ಒಂದೇ ಕಾರಿನಲ್ಲಿ ಊರೂರು ಸುತ್ತಬೇಕು, ಮಗಳಿಗೆ ಜೀವನಪೂರ್ತಿ ನೆನಪು ಉಳಿಯಬೇಕು ಎಂಬುದು ಗಂಡನ ಆಸೆ. ಹೊರಡುವಾಗಲೇ ಕಾನೂನು ಮಾಡಿದ್ದ: ದಾರಿಯಲ್ಲಿ ಯಾರು ಗಾಡಿ ನಿಲ್ಲಿಸಿ ಅನ್ನುತ್ತಾರೋ ಅವರು ಹಿಂದಿನ ಸೀಟಿಗೆ. ಅವನ ಚಿಕ್ಕಂದಿನಲ್ಲಿ ಮಕ್ಕಳ ಗಲಾಟೆ ತಡೆಯಲು ಅಪ್ಪ ಹೂಡಿದ್ದ ಆಟವಂತೆ. ಬಾಡಿಗೆ ಕಾರಿನ ಮೂರನೇ ಸಾಲು ಅದು. ಮೊಣಕಾಲು ಎದೆಗೆ ತಾಗುತ್ತದೆ, ಪ್ರತಿ ಹಳ್ಳಕ್ಕೂ ಸೊಂಟ ಎಗರುತ್ತದೆ. ಮೊದಲ ದಿನ ಅತ್ತೆ ಎರಡು ಸಲ ನಿಲ್ಲಿಸಲು ಕೇಳಿದರು. ಎರಡನೇ ಸಲ ಇಳಿದು ಬರುವಷ್ಟರಲ್ಲಿ ಅವರ ಚೀಲ ಹಿಂದಕ್ಕೆ ಹೋಗಿತ್ತು.

“ಆಟ ಅಂದ್ಮೇಲೆ ಅಮ್ಮಂಗೂ ಅದೇ ರೂಲ್ಸು!” ಎಂದು ಅವನು ವಿಡಿಯೊ ಮಾಡಿದ. ಅತ್ತೆಯೂ ನಕ್ಕರು. ಆಮೇಲೆ ನೀರು ಮುಟ್ಟಲಿಲ್ಲ.

ಬೆಳಿಗ್ಗೆ ಅವನು ಕಾರಿನ ಗಾಜು ಒರೆಸುತ್ತಿದ್ದಾಗ ಅವಳು ಹೇಳಿದಳು, “ಅತ್ತೇನ ಮುಂದೆ ಕೂರಿಸಿ. ನಿಲ್ಲಿಸಿ ಅನ್ನೋಕೆ ಹೆದರಿ ಅವರು ನೀರೇ ಕುಡೀತಿಲ್ಲ.”

“ಬಾಟಲಿ ಪಕ್ಕದಲ್ಲೇ ಇದೆಯಲ್ಲೇ. ನಾನೇ ಬಾಯಿಗೆ ಹುಯ್ಬೇಕಾ?”

“ಔಷಧಿ ಅಂಗಡಿ ಕೆಲಸದಲ್ಲಿ ದಿನಾ ಇಂಥದ್ದು ನೋಡ್ತೀನಿ. ವಯಸ್ಸಾದವರಿಗೆ ಇದು ಆಟ ಅಲ್ಲ.”

“ನಿನಗೆ ಎಲ್ಲದರಲ್ಲೂ ಕಾಯಿಲೆ ಕಾಣುತ್ತೆ. ಅಮ್ಮನೇ ಹಿಂದೆ ಚೆನ್ನಾಗಿದೆ ಅಂದ್ರು.”

ಅತ್ತೆ ಯಾವತ್ತು ತಾನೇ ಚೆನ್ನಾಗಿಲ್ಲ ಎಂದಿದ್ದರು! ಹೊಲಿಗೆ ಯಂತ್ರ ತುಳಿದು ಮೂವರು ಮಕ್ಕಳನ್ನು ದಡ ಸೇರಿಸಿದವರು. ಯಾರ ಬಾಯಲ್ಲೂ ‘ಅಯ್ಯೋ ಪಾಪ’ ಅನ್ನಿಸಿಕೊಂಡವರಲ್ಲ.

ಮಧ್ಯಾಹ್ನ ಘಟ್ಟ ಹತ್ತುವಾಗ ಹಿಂದಿನಿಂದ ಒಂದು ಕೈ ಅವಳ ಹೆಗಲು ಮುಟ್ಟಿತು. “ಎಲ್ಲಾದ್ರೂ ಸ್ವಲ್ಪ...” ಎಂದು ಪಿಸುಗುಟ್ಟಿದರು ಅತ್ತೆ.

“ರೀ, ನಿಲ್ಲಿಸಿ.”

“ತುದಿಗೆ ಹೋಗೇ ನಿಲ್ಸೋದು. ಮೋಡ ಬಂದ್ರೆ ಫೋಟೊ ಬರಲ್ಲ.”

“ನಿಮ್ಮ ಫೋಟೊ ಹಾಳಾಗ್ಲಿ, ನಿಲ್ಲಿಸ್ರೀ!”

“ಅಮ್ಮ ಔಟ್! ಅಮ್ಮನೂ ಹಿಂದಕ್ಕೆ!” ಎಂದು ಮುಂದೆ ಕೂತಿದ್ದ ಮಗಳು ಚಪ್ಪಾಳೆ ತಟ್ಟಿದಳು. ಗಂಡ ನಕ್ಕ. ಪೆಟ್ರೋಲ್ ಬಂಕು ಬಂತು, ಹೋಯಿತು. ಎರಡು ತಿರುವು ದಾಟಿದ್ದೇ ತಡ, ಅವನೇ ಗಕ್ಕನೆ ಬ್ರೇಕ್ ಹಾಕಿದ. ಇಳಿಜಾರಿನಲ್ಲಿ ಒಂಟಿ ಮರ.

“ಆಹಾ, ಎಂಥ ಸೀನು! ಇಳಿ ಪುಟ್ಟಿ, ಬೇಗ!”

ಹೆತ್ತ ತಾಯಿಗೆ ಬೀಳದ ಬ್ರೇಕು ಮರಕ್ಕೆ ಬಿತ್ತು! ಹಲ್ಲು ಕಚ್ಚಿ ಅವಳು ನಡುವಿನ ಸೀಟು ಮಡಚಿದಳು. ಅತ್ತೆ ಅಲ್ಲಾಡಲಿಲ್ಲ. ಕಣ್ಣು ಮಡಿಲಿನ ಮೇಲೆ ನೆಟ್ಟಿತ್ತು.

“ಆಗೋಯ್ತು ಕಣೇ,” ಎಂದರು. ಆ ದನಿಯನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.

ಹೊರಗೆ ಅಪ್ಪ ಮಗಳ ಹೆಜ್ಜೆ ಹತ್ತಿರ ಬರುತ್ತಿತ್ತು. ಅವಳು ದೊಡ್ಡ ಬಾಟಲಿಯ ಮುಚ್ಚಳ ತಿರುಗಿಸಿ, ಅಷ್ಟೂ ನೀರನ್ನು ಅತ್ತೆಯ ಮಡಿಲಿಗೆ, ಸೀಟಿಗೆ, ಕಾಲಡಿಗೆ ಸುರಿದಳು. ಆಮೇಲೆ ಕೂಗಿದಳು, “ಅಯ್ಯೋ, ಚೆಲ್ಲೋಯ್ತು!”

“ಬಾಡಿಗೆ ಕಾರಿದು! ಕೈಗೆ ಎಣ್ಣೆ ಹಚ್ಕೊಂಡಿದ್ದೀಯಾ?”

ಮಗಳು ಫೋನು ಎತ್ತಿದಳು. “ಒಳಗಿಡು ಅದನ್ನ,” ಎಂದ ಅವಳ ದನಿಗೆ ಫೋನು ಕೆಳಗಿಳಿಯಿತು. ಅವಳು ಗಂಡನ ಕೈಯಿಂದ ಕೀಲಿ ಕಿತ್ತುಕೊಂಡಳು.

“ಇನ್ಮೇಲೆ ನಾನು ಓಡಿಸ್ತೀನಿ. ಅತ್ತೆ ಮುಂದೆ ಕೂತ್ಕೊಳ್ಳಿ. ಯಾರೂ ಕೇಳೋದು ಬೇಡ, ಬಂಕು ಬಂದಲ್ಲೆಲ್ಲ ನಿಲ್ಲಿಸ್ತೀನಿ.”

“ಮತ್ತೆ ನಾನು?”

“ಮರ ಕಂಡು ಗಾಡಿ ನಿಲ್ಸಿದ್ದು ಯಾರು?”

“ಅಪ್ಪ ಹಿಂದಕ್ಕೆ!” ಎಂದಳು ಮಗಳು, ನ್ಯಾಯ ತಪ್ಪದವಳು.

“ಅಲ್ಲಿ ಒದ್ದೆ ಕಣ್ರೇ!”

“ನೀರು ತಾನೇ? ಟವೆಲ್ ಹಾಸ್ಕೊಳ್ಳಿ.”

ಗಾಡಿ ತಿರುಗಿಸಿ ಬಿಟ್ಟುಬಂದ ಬಂಕಿಗೇ ಹೋದಳು. ಅತ್ತೆ ಬಟ್ಟೆ ಬದಲಿಸಿ ಬರುವವರೆಗೂ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ರಾತ್ರಿ ಊಟದ ಮೇಜಿನಲ್ಲಿ ಗಂಡ ಸೊಂಟ ನೀವಿಕೊಳ್ಳುತ್ತಲೇ ಫೋನು ಹಿಡಿದ. “ಇವತ್ತು ಮರೆಯೋಕಾಗದೇ ಇರೋದು ಏನು, ಒಬ್ಬೊಬ್ರೇ ಹೇಳಿ.”

“ಅಮ್ಮ ಅಜ್ಜಿಗೆ ಸ್ನಾನ ಮಾಡ್ಸಿದ್ದು!” ಎಂದಳು ಮಗಳು.

ಅತ್ತೆಯ ಕೈ ತಟ್ಟೆಯ ಮೇಲೆ ನಿಂತಿತು. ಫೋನು ಅವಳ ಕಡೆ ತಿರುಗಿತು. ಒಂದು ಮಾತು ಹೇಳಿದರೆ ಸಾಕು, ಇವನ ಮುಖದಲ್ಲಿ ಇನ್ನು ಹತ್ತು ವರ್ಷ ನಗು ಮೂಡುವುದಿಲ್ಲ. ಆ ಮಾತು ನಾಲಿಗೆಯ ತುದಿಗೇ ಬಂದಿತ್ತು.

“ನನ್ನ ಕೈ ಜಾರಿತು,” ಎಂದಳು.

ಅತ್ತೆ ನೀರಿನ ಲೋಟ ಎತ್ತಿ, ಎಲ್ಲರೆದುರೇ, ಪೂರ್ತಿ ಕುಡಿದರು. ನೆಂಟರ ಮುಂದೆ ಇವನು ಎಷ್ಟೇ ಸಲ ನೀರು ಚೆಲ್ಲಿದವಳು ಎಂದು ತನ್ನನ್ನು ಆಡಿಕೊಳ್ಳಲಿ. ಇವನಿಗಾಗಲಿ, ಮಗಳಿಗಾಗಲಿ, ತನ್ನ ಹೆತ್ತಮ್ಮನಿಗಾಗಲಿ, ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಅವಳು ಆಗಲೇ ತೀರ್ಮಾನಿಸಿದ್ದಳು.