ರವದಿಗೆ ಭಂಡಾರ

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ ನಾವು ರವದಿ ಅನ್ನುತ್ತೇವೆ. ಹುನ್ನೂರಿನ ಸುತ್ತ ಎಲ್ಲರೂ ಅದಕ್ಕೆ ಕಡ್ಡಿ ಗೀರಿ ಮನೆಗೆ ಹೋಗುತ್ತಾರೆ. ನಮಗೆ ಮಾತ್ರ ಆ ಸುಖ ತಪ್ಪಿತು, ಏಕೆಂದರೆ ಅತ್ತೆ ಯಲ್ಲಕ್ಕನಿಗೆ ದಮ್ಮು. ಹಿಂದಿನ ವರ್ಷ ರವದಿಯ ಹೊಗೆ ಕುಡಿದು ಉಸಿರು ಸಿಗದೆ ಜಮಖಂಡಿಯ ದವಾಖಾನೆ ಸೇರಿದ್ದಳು. ಇನ್ನೊಂದು ಸಲ ಹೀಗಾದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಅದಕ್ಕೇ ನಮ್ಮ ಮನೆಯವರು ರೈತರ ಸಭೆಯಿಂದ ಒಂದು ಪಾಕೀಟು ತಂದರು. ಅದರಲ್ಲಿ ಕಣ್ಣಿಗೆ ಕಾಣದ ಜೀವಾಣುಗಳಿವೆಯಂತೆ. ಡ್ರಮ್ಮಿನೊಳಗೆ ಬೆಲ್ಲ, ಸಗಣಿ ನೀರಿನಲ್ಲಿ ಕೆಲವು ದಿನ ಕಲಸಿಟ್ಟು ರವದಿಯ ತಿಪ್ಪೆಗೆ ಹಾಕಿದರೆ ಅದನ್ನು ತಿಂದು ಗೊಬ್ಬರ ಮಾಡುತ್ತವಂತೆ. ತಿಪ್ಪೆ ಒಳಗಿನಿಂದ ಬಿಸಿಯಾದರೆ ಕೆಲಸ ನಡೆದಿದೆ ಎಂದರ್ಥ. ಬೇಸಿಗೆ ಮುಗಿಯುವುದರೊಳಗೆ ಕೊಳೆಯದಿದ್ದರೆ ಬೆಂಕಿಯೇ ಗತಿ, ನೆಡುವ ಹೊತ್ತಿಗೆ ಹೊಲ ಖಾಲಿಯಾಗಬೇಕು ಎಂದೂ ಹೇಳಿದರು. ಹೇಳುವ ಕೆಲಸ ಅವರದಾಯಿತು, ನೀರು ಹೊರುವ ಕೆಲಸ ನನ್ನದಾಯಿತು.

ಹೊತ್ತೆ. ಮೋಟರಿಗೆ ಕರೆಂಟು ಬರುವುದು ಯಾವಾಗಲೋ, ಬಂದರೂ ಆ ನೀರು ಇನ್ನೊಂದು ಹೊಲದ ಕಬ್ಬಿಗೆ. ತಿಪ್ಪೆಗೆ ಕಾಲುವೆಯಿಂದ ನನ್ನ ಕೊಡವೇ. ರವದಿಯ ಅಂಚು ಮುಂಗೈ ಗೀರಿತು, ಬೆವರು ಇಳಿದಲ್ಲೆಲ್ಲ ಉರಿಯಿತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೆಸರು ಮೊಣಕೈ ದಾಟಿತ್ತು, ಮೊಸರಿನ ಸುಳಿವಿರಲಿಲ್ಲ. ಒಳಗೆ ಕೈ ಹಾಕಿ ನೋಡಿದಾಗಲೆಲ್ಲ ತಿಪ್ಪೆ ತಣ್ಣಗೇ ಇತ್ತು.

ಒಂದು ದಿನ ಡ್ರಮ್ಮು ತೊಳೆಯಲು ಬಗ್ಗಿದಾಗ ತಳದಲ್ಲಿ ಹಳದಿ ರಾಡಿ ಕಂಡಿತು. ಮೂಸಿದೆ. ಅರಿಶಿನ. ನಮ್ಮ ಮನೆಯಲ್ಲಿ ಅಷ್ಟೊಂದು ಅರಿಶಿನ ಇರುವುದು ಮನೆದೇವರು ಬೀರಪ್ಪನ ಭಂಡಾರದ ಚೀಲದಲ್ಲಿ ಮಾತ್ರ. ಅತ್ತೆಯನ್ನು ಕೇಳಿದರೆ ಮುಚ್ಚಿಡಲಿಲ್ಲ. ದಿನಾ ಮುಂಜಾನೆ ಒಂದು ಬೊಗಸೆ ಹಾಕುತ್ತಿದ್ದಳಂತೆ.

“ಜೀವ ಅದಾವ ಅಂದ್ರಲ್ಲ. ಕುರಿ ಮರಿ ಹಾಕಿದ್ರ ಭಂಡಾರ ಹಚ್ಚತೇವಿ. ಇವಕ್ಕ ಬ್ಯಾಡೇನು?”

ನನಗೆ ಸಿಟ್ಟು ನೆತ್ತಿಗೇರಿತು. ಗಾಯಕ್ಕೆ ಅರಿಶಿನ ಮೆತ್ತುವುದೇ ಕೀವು ಮಾಡುವ ಹುಳ ಸಾಯಲಿ ಎಂದು. ಬೊಗಸೆಗಟ್ಟಲೆ ಸುರಿದರೆ ಈ ಬಡ ಜೀವಾಣುಗಳು ಉಳಿದಾವೇ? ತನ್ನ ಉಸಿರಿಗೆಂದು ತಂದದ್ದನ್ನು ತಾನೇ ಭಕ್ತಿಯಿಂದ ಕೊಂದಿದ್ದಳು. ಅದನ್ನು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಕೊರಗುತ್ತಿದ್ದಳು. ಅವಳನ್ನು ಸಮಾಧಾನ ಮಾಡುವಷ್ಟು ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ.

ಮತ್ತೆ ಪಾಕೀಟು ತರಿಸಿದೆ, ಮತ್ತೆ ಕಲಸಿದೆ. ತಿಪ್ಪೆ ಕೆದರಿ ಹಾಕಲು ಹೋದ ದಿನ ಅತ್ತೆ ಭಂಡಾರ ಹಿಡಿದು ಹಿಂದೆಯೇ ಬಂದಳು. ನಾನು ಡ್ರಮ್ಮಿಗೆ ಅಡ್ಡ ನಿಂತೆ.

“ಅವಕ್ಕ ಬ್ಯಾಡ್ರಿ, ಅತ್ತಿ. ನನಗ ಹಚ್ಚರಿ. ನೀರು ಹೊತ್ತು ಸಾಯಾಕಿ ನಾ ಅದೇನಿ.”

ಅವಳು ನನ್ನ ಹಣೆಗೆ ಭಂಡಾರ ಹಚ್ಚಿದಳು. ಹಚ್ಚಿದ ಬೆರಳು ತೆಗೆಯದೆ ನಿಂತಳು, ಆಮೇಲೆ ಅಂಗೈಯನ್ನೇ ಇಟ್ಟು ನೋಡಿದಳು. ತಿಪ್ಪೆಗೆ ಬರದ ಬಿಸಿ ನನ್ನ ಹಣೆಗೆ ಬಂದಿತ್ತು. ಜ್ವರ ಯಾವಾಗ ಹಿಡಿಯಿತೋ, ದಣಿವಿನಲ್ಲಿ ನನಗೇ ಗೊತ್ತಾಗಿರಲಿಲ್ಲ. ಅತ್ತೆ ನನ್ನ ಕೊಡ ಎತ್ತಿಕೊಂಡು, ಬದುವಿನ ಮೇಲೆ ಕುಳಿತಿದ್ದ ಮಗನ ಕಡೆ ನಡೆದಳು.

“ಹಿಡಿ, ಸಿದರಾಯಾ. ಉಸಿರು ನಿಮ್ಮವ್ವಂದು. ನೀರು ನೀ ಹೊರು.”

ಹೊತ್ತರು. ಗೊಣಗುತ್ತಲೇ ಹೊತ್ತರು. ತಿಪ್ಪೆ ಕೈಯಿಡಲಾಗದಷ್ಟು ಬಿಸಿಯಾಯಿತು, ಕುಸಿಯಿತು, ಮಳೆಗೆ ಮುಂಚೆ ಕಪ್ಪು ಗೊಬ್ಬರವಾಯಿತು. ಆ ವರ್ಷ ನಮ್ಮ ಹೊಲದಲ್ಲಿ ಯಾರೂ ಕಡ್ಡಿ ಗೀರಲಿಲ್ಲ.

ಆದರೆ ತಡವಾಗಿ ಕಬ್ಬು ಕಡಿಸಿದ ಪಕ್ಕದ ಹೊಲದ ಗೂಳಪ್ಪ ಒಂದು ಸಂಜೆ ತನ್ನ ರವದಿಗೆ ಬೆಂಕಿ ಹಚ್ಚಿದ. ಹೊಗೆಗೆ ಬದು ಯಾರದೆಂದು ಗೊತ್ತೆ? ಅತ್ತೆಯನ್ನು ಒಳಮನೆಯಲ್ಲಿ ಕೂರಿಸಿ ಬಾಗಿಲಿಗೆ ಒದ್ದೆ ಕೌದಿ ಕಟ್ಟಿದೆ. ಅಷ್ಟಾದರೂ ಅವಳ ಎದೆ ಸುಯ್ಯಗುಟ್ಟಿತು. ಉಸಿರು ಸ್ವಲ್ಪ ಕೈಗೆ ಬಂದಾಗ ಗೂಳಪ್ಪನ ಹೆಂಡತಿಗೆ ಒಂದು ಪಾಕೀಟು ಕೊಟ್ಟು ಬಾ ಎಂದಳು. ನನ್ನ ಹೆಗಲು ಇನ್ನೂ ನೋಯುತ್ತಿತ್ತು.

“ಕೊಡತೇನ್ರಿ,” ಅಂದೆ. “ಅಕಿಗಲ್ಲ, ಗೂಳಪ್ಪನ ಕೈಯಾಗ. ಅದರ ಕೂಡ ಒಂದು ಕೊಡಾನೂ ಒಯ್ತೇನಿ.”