ಗೇರಿನಲ್ಲಿದ್ದ ಕಾರು

ಹೊರಗೆ ನಿಂತು, ಕಿಟಕಿಯೊಳಗೆ ಕೈ ತೂರಿಸಿ ಕೀಲಿ ತಿರುಗಿಸುವುದು ಗ್ಯಾರೇಜಿನವರ ಹಳೇ ಅಭ್ಯಾಸ. ಈ ಮೆಕ್ಯಾನಿಕ್‌ಗೂ ಅದೇ ಇತ್ತು. ಇಪ್ಪತ್ತೆರಡು ವರ್ಷ ಪಳಗಿದ ಕೈ. ಸದ್ದು ಕೇಳಿಯೇ ಎಂಜಿನ್ನಿನ ರೋಗ ಹೇಳುತ್ತಿದ್ದ.

ಅವನ ಹೆಂಡತಿಯ ತಮ್ಮ ಅಲ್ಲೇ, ನೆಗ್ಗಿದ ಬಾಡಿ ಸರಿಮಾಡುವ ಡೆಂಟಿಂಗ್ ಕೆಲಸಕ್ಕಿದ್ದ. ಸುರಕ್ಷತೆಯ ತರಬೇತಿ ಪಡೆದವನು.

“ಭಾವ, ಒಳಗೆ ಕೂತು ಸ್ಟಾರ್ಟ್ ಮಾಡಿ. ಮೊದ್ಲು ಬ್ರೇಕ್ ಎಳೀರಿ, ಗೇರ್ ನೋಡಿ. ಚಕ್ರಕ್ಕೆ ಅಡ್ಡ ಮರದ ತುಂಡು ಇಡಿ.”

“ಅಜ್ಜಿಗೇ ಕೆಮ್ಮು ಕಲಿಸ್ತೀಯೇನೋ?” ಎಂದು ಭಾವ ನಕ್ಕುಬಿಡುತ್ತಿದ್ದ.

ಒಂದು ಮಂಗಳವಾರ ಬೆಳಿಗ್ಗೆ ಬಿಳಿ ಕಾರೊಂದು ಗೋಡೆಗೆ ಮುಖ ಮಾಡಿ ನಿಂತಿತ್ತು. ಬಾಮೈದ ಚಕ್ರಕ್ಕೆ ಮರದ ತುಂಡು ಇಟ್ಟು, ಗೋಡೆಗೂ ಕಾರಿಗೂ ನಡುವೆ ಬಗ್ಗಿ ನಿಂತು ಬಂಪರ್ ಬಿಗಿಯುತ್ತಿದ್ದ. ಕಾಲಿಗೆ ತೊಡರಿತೆಂದು ಆ ತುಂಡನ್ನು ಭಾವನೇ ಪಕ್ಕಕ್ಕೆ ಒದ್ದ. ಹೊಸ ಬ್ಯಾಟರಿ ಹಾಕಿಯಾಗಿತ್ತು. ಒಂದ್ಸಲ ನೋಡೇಬಿಡೋಣ ಎಂದು, ಮುಂದೆ ಯಾರಿದ್ದಾರೆಂದೂ ನೋಡದೆ, ಕಿಟಕಿಯಿಂದಲೇ ಕೀಲಿ ತಿರುಗಿಸಿದ.

ಕಾರು ಗೇರಿನಲ್ಲಿತ್ತು. ಒಂದೇ ನೆಗೆತ.

ಕಿರುಚಾಟ ಕೇಳಲಿಲ್ಲ. ಸ್ಪ್ಯಾನರ್ ನೆಲಕ್ಕೆ ಬಿದ್ದ ಸದ್ದಷ್ಟೇ. ಗೋಡೆಗೂ ಬಂಪರಿಗೂ ನಡುವೆ ಕಾಲು ಸಿಕ್ಕಿಕೊಂಡ ಬಾಮೈದ ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ ಭಾವನನ್ನೇ ನೋಡುತ್ತಿದ್ದ.

“ಭಾವ... ಹಿಂದಕ್ಕೆ... ಹಿಂದಕ್ಕೆ ತಳ್ಳಿ...”

ಪಕ್ಕದಲ್ಲಿ ಬಣ್ಣ ಹೊಡೆಯುತ್ತಿದ್ದ ಪೇಂಟರ್ ಓಡಿಬಂದು ಗೇರ್ ಬಿಡಿಸಿದ. ನಾಲ್ವರು ಸೇರಿ ಕಾರನ್ನು ಹಿಂದಕ್ಕೆ ದೂಡಿದರು.

ಆಸ್ಪತ್ರೆಯಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಮೆಕ್ಯಾನಿಕ್‌ನ ಹೆಂಡತಿ ಬಿದ್ದಂಬೀಳ ಓಡಿಬಂದಳು.

“ನನ್ನ ತಮ್ಮ ಅಷ್ಟು ಜೋಪಾನದವನು! ಗಾಡಿ ಸ್ಟಾರ್ಟ್ ಮಾಡಿದ್ದು ಯಾರು?”

“ನಾನೇ.”

ಅವಳು ಅಳಲಿಲ್ಲ. ಯಾರೋ ಗುರುತಿಲ್ಲದವನನ್ನು ನೋಡುವಂತೆ ಗಂಡನನ್ನು ನೋಡಿದಳು.

ಮೂರನೇ ದಿನ ಬಾಮೈದ ಭಾವನಿಗೆ ಹೇಳಿದ. “ನಾನು ಹುಷಾರಾಗೇ ಇದ್ದೆ ಭಾವ. ಆದ್ರೆ ಕೀಲಿ ನಿಮ್ಮ ಕೈಲಿತ್ತು.”

“ತಪ್ಪಾಯ್ತು ಅನ್ನೋಕೂ ನಂಗೆ ಮುಖ ಇಲ್ಲ ಕಣೋ.”

“ಅನ್ಬೇಡಿ. ಇನ್ನೊಬ್ಬರ ಕಾಲು ಉಳಿಸಿ, ಸಾಕು.”

ಈಗ ಆ ಗ್ಯಾರೇಜಿನಲ್ಲಿ ಕಾರಿನ ಮುಂದೆಯೋ ಕೆಳಗೋ ಕೆಲಸಕ್ಕಿಳಿದವರ ಜೇಬಿನಲ್ಲೇ ಅದರ ಕೀಲಿ ಇರುತ್ತದೆ. ಆ ಕಟ್ಟಳೆ ತಂದವನು ಮೆಕ್ಯಾನಿಕ್. ಕೃತಕ ಕಾಲು ಹಾಕಿಕೊಂಡು ಕೆಲಸಕ್ಕೆ ಮರಳಿದ ಬಾಮೈದ ಹೊಸಬರಿಗೆ ಅದನ್ನು ಕಲಿಸುತ್ತಾನೆ. ಅಕ್ಕ ದಿನಾ ಸಂಜೆ ಫೋನ್ ಮಾಡಿ, “ಇಬ್ರೂ ಸರಿಯಾಗಿದ್ದೀರಾ?” ಎಂದು ಕೇಳುತ್ತಾಳೆ.

ಗ್ಯಾರೇಜಿನಲ್ಲಿ ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ಕಾರಿನ ಸುತ್ತ ಒಮ್ಮೆ ನಡೆದು ನೋಡಿ. ಒಳಗೆ ಕೂತು ಬ್ರೇಕ್ ಎಳೆಯಿರಿ, ಗೇರ್ ಬಿಡಿಸಿ. ಆಮೇಲಷ್ಟೇ ಕೀಲಿ. ನಿಮಗೆ ಅನುಭವವಿದೆ, ನಿಜ. ಕಾರಿನ ಮುಂದೆ ನಿಂತವರಿಗೆ ಇರುವುದು ನಿಮ್ಮ ಮೇಲಿನ ನಂಬಿಕೆಯೊಂದೇ.